ಬಸ್ಸಿನಲ್ಲೇ ನಿಂತು ಜರ್ಮನಿಯ ಮನೆ ನೋಡಿದ್ದು

ನುಗ್ಗೇಹಳ್ಳಿಯ ಬೀರಮ್ಮನ ಮಗಳು ಸ್ಮಿತಾಗೆ ಕೂತಲ್ಲಿ ಕೂರಲು, ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಪಿಯುಸಿ ಆದಮೇಲೆ ಹಾಸನದ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದಳು. ಅದನ್ನು ಬಿಟ್ಟು ಬಸ್ ಕಂಡಕ್ಟರ್ ಆದಳು. ರಜೆಯ ದಿನಗಳಲ್ಲಿ ಓದಿ ದೂರಶಿಕ್ಷಣದಲ್ಲಿ ಭೂಗೋಳದ ಪದವಿ ಪಡೆದಳು. ಈಗ ಮೂವತ್ತಮೂರಕ್ಕೆ, ಯಾವ ಊರಿಗೆ ಯಾವಾಗ ಬಸ್ ಓಡಬೇಕೆಂದು ಗೊತ್ತುಮಾಡುವ ವಿದ್ಯೆ ಕಲಿಯಲು ಹೊರದೇಶಕ್ಕೆ ಹೋಗಿಯೇ ತೀರುತ್ತೇನೆಂದು ಹಟ ಹಿಡಿದಿದ್ದಳು. ತನ್ನ ಬಸ್ಸಿನ ದಾರಿಯ ಹಳೇಕೋಟೆಯಲ್ಲಿ ಕಾಲೇಜು ಹುಡುಗಿಯರು, ಬಸ್ಸು ತುಂಬಿರುವುದರಿಂದ ಹತ್ತಲಾರದೆ ರಸ್ತೆಯಲ್ಲೇ ಉಳಿಯುವುದನ್ನು ನೋಡಿ ನೋಡಿ ಹತ್ತಿದ ಹಟ ಅದು.

ಹೊರದೇಶಕ್ಕೆ ಓದಲು ಕಳಿಸುವ ಹಾಸನದ ಏಜೆಂಟ್ ಸಂಜಯ್ ಇಂಗ್ಲೆಂಡಿನ ಒಂದು ವರ್ಷದ ಕೋರ್ಸು ತೋರಿಸಿದ್ದ. ಎಲ್ಲ ಸೇರಿ ಮೂವತ್ತು ಲಕ್ಷ.

"ಸೋಮವಾರ ಅಡ್ವಾನ್ಸ್ ಕಟ್ಬಿಡಿ ಮೇಡಂ. ಅರ್ಜಿಲಿ ಕಂಡಕ್ಟರ್ ಅಂತ ಬರೀಬೇಡಿ, ಆಫೀಸ್ ಕೆಲ್ಸ ಅಂತ ಹಾಕೋಣ."

ಜರ್ಮನಿಯಲ್ಲಿ ಇದೇ ಓದಿಗೆ ಫೀಸಿಲ್ಲವಂತಲ್ಲ ಎಂದು ಸ್ಮಿತಾ ಕೇಳಿದ್ದಕ್ಕೆ ನಕ್ಕ. "ಪುಕ್ಕಟೆ ಮಜ್ಜಿಗೆ ಎಲ್ಲಾ ನೀರೇ ಮೇಡಂ."

ತೆಂಗಿನ ತೋಟ ಅಡವಿಡಲು ಬೀರಮ್ಮ ಒಪ್ಪಿದ್ದಳು. ಆದರೆ ಶುಕ್ರವಾರ ಸಂಜೆ ತಕರಾರು ತೆಗೆದಳು.

"ಹೆಣ್ ಕೊಡೋಕ್ ಮುಂಚೆ ಮನೆ ನೋಡಾಕ್ ಓಯ್ತೀವಿ. ಗಂಡಿನ ಕಡೆಯೋರು ಕಾಪಿ ಕೊಟ್ಟು ಒಗಳ್ಕತಾರೆ. ನಿಜ ಯೋಳೋರು ಪಕ್ಕದ ಮನೆಯೋರು. ನಿನ್ ಸಂಜಯ ದಲ್ಲಾಳಿ ಕಣೇ. ಪಕ್ಕದ ಮನೆಯೋರ್ನ ಕೇಳ್ದಾ?"

"ಜರ್ಮನಿಲಿ ಪಕ್ಕದ ಮನೆ ಎಲ್ಲಿ ಉಡುಕ್ಲವ್ವಾ?"

"ದಿನಾ ಅರ್ಧ ಜಿಲ್ಲೆನೇ ಬಸ್ಸಲ್ ತುಂಬ್ಕಂಡ್ ಓಡಾಡ್ತೀಯ. ಬಾಯಿಲ್ವಾ ನಿಂಗೆ?"

ಮರುದಿನ ಚನ್ನರಾಯಪಟ್ಟಣದಿಂದ ಅರಕಲಗೂಡಿಗೆ ಹೊರಟ ಬಸ್ಸು ಹೊಳೆನರಸೀಪುರ ದಾಟಿತು. ಟಿಕೆಟ್ ಕೊಟ್ಟು ಮುಗಿಸಿದ ಸ್ಮಿತಾ ನಾಚಿಕೆ ಬಿಟ್ಟು ಕೂಗಿದಳು.

"ಜರ್ಮನಿಲಿ ಓದ್ತಾ ಇರೋರು ಯಾರ್ಗಾದ್ರೂ ಗೊತ್ತೇನ್ರಪ್ಪಾ?"

ಹಿಂದಿನ ಸೀಟಿನ ಮುದುಕ ಹುಲಿಯಪ್ಪ ಕೈ ಎತ್ತಿದ. "ಜರ್ಮನಿಗೊಂದ್ ಟಿಕೆಟ್ ಅರಿ ತಾಯಿ, ವಯಸ್ಸಾದೋರ ರಿಯಾಯ್ತಿಲಿ."

"ಟಿಕೆಟ್ ನಿಂಗೆ ಕಣಯ್ಯಾ, ಎಂಗಸ್ರಿಗೆ ಅಲ್ಗೂ ಫ್ರೀ!" ಎಂದಳು ಅರಕಲಗೂಡಿನ ಕಮಲಾಕ್ಷಮ್ಮ. ಬಸ್ಸೆಲ್ಲ ನಕ್ಕಿತು. ನಗು ಇಳಿದ ಮೇಲೆ ಅವಳೇ ಸೆರಗಿನ ಗಂಟಿನಿಂದ ಮೊಬೈಲ್ ತೆಗೆದಳು. "ನನ್ ತಂಗಿ ಮೊಮ್ಮಗಳು ಭವ್ಯಶ್ರೀ ಅಲ್ಲೇ ಓದ್ತಾವ್ಳೆ. ನಂಬರ್ ಬರ್ಕೋ."

ಅರಕಲಗೂಡಿನ ಬಸ್ ನಿಲ್ದಾಣದಿಂದಲೇ ಸ್ಮಿತಾ ಫೋನ್ ಮಾಡಿ, ಸಂಜಯ ಹೇಳಿದ್ದನ್ನೆಲ್ಲ ತಿಳಿಸಿದಳು.

"ಫೀಸಿಲ್ಲ ಅನ್ನೋದು ನಿಜ ಅಕ್ಕಾ," ಎಂದಳು ಭವ್ಯಶ್ರೀ. "ಓದು ಗಟ್ಟಿ. ಆದ್ರೆ ವರ್ಷದ ಖರ್ಚು ಮೊದ್ಲೇ ಬ್ಯಾಂಕಲ್ಲಿ ಇಟ್ಟು ತೋರಿಸ್ಬೇಕು. ಅವ್ರ ಭಾಷೆ ಬರ್ದಿದ್ರೆ ಅಂಗಡೀಲೂ ಕೆಲ್ಸ ಸಿಗೋದು ಕಷ್ಟ. ಈ ಸಲ ಅರ್ಜಿ ಹಾಕೋ ದಿನ ಮುಗ್ದೋಯ್ತು. ಕಂಡಕ್ಟರ್ ಅನ್ನೋದನ್ನ ಮಾತ್ರ ಮುಚ್ಚಿಡ್ಬೇಡಿ. ಟ್ರಾಮ್ ಓಡಿಸ್ತಿದ್ದೋನೊಬ್ಬ ನಮ್ ಕ್ಲಾಸಲ್ಲೇ ಇದಾನೆ."

ಇಷ್ಟು ವರ್ಷ ಉಳಿಸಿದ್ದಕ್ಕೆ ಇನ್ನೊಂದು ವರ್ಷದ ಸಂಬಳ ಸೇರಿಸಿದರೆ ತೋಟ ಮುಟ್ಟದೆಯೇ ಬ್ಯಾಂಕಿನಲ್ಲಿಡುವ ಹಣ ಹೊಂದುತ್ತಿತ್ತು. ಇನ್ನೊಂದು ವರ್ಷ! ಅದೇ ಸೀಟಿ, ಅದೇ ಚಿಲ್ಲರೆ ಜಗಳ. ಇಂಗ್ಲೆಂಡಾದರೆ ಸೆಪ್ಟೆಂಬರಿಗೇ ಹಾರಬಹುದು. ಭಾನುವಾರವೆಲ್ಲ ಅವಳು ತೋಟದಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ಸುತ್ತಿದಳು.

ಸೋಮವಾರ ಬೆಳಿಗ್ಗೆ ಸಂಜಯನ ಫೋನ್ ಬಂತು.

"ನಾನು ಕಂಡಕ್ಟರ್ ಸಾ," ಎಂದಳು ಸ್ಮಿತಾ. "ಬೇರೆ ಏನೋ ಅಂತ ಬರ್ದು ಎಲ್ಗೂ ಓಗಲ್ಲ. ತ್ವಾಟಾನೂ ಅಡ ಇಡಲ್ಲ. ಬರೋ ವರ್ಸ ಜರ್ಮನಿಗೇ ಅರ್ಜಿ ಆಕ್ತೀನಿ."

ಫೋನ್ ಇಟ್ಟು ಚಿಲ್ಲರೆ ಚೀಲ ಹೆಗಲಿಗೇರಿಸಿದಳು.

"ಒಳ್ಳೇದಾಯ್ತು ಬಿಡು. ಉಣ್ಣು ಬಾ," ಎಂದಳು ಬೀರಮ್ಮ.

"ಒಳ್ಳೇದೇನವ್ವಾ? ಅಷ್ಟೊತ್ಗೆ ಮೂವತ್ನಾಕು ತುಂಬ್ತದೆ ನಂಗೆ!"

ಸ್ಮಿತಾ ಕೂರಲಿಲ್ಲ. ತಟ್ಟೆಯನ್ನು ಕೈಯಲ್ಲೇ ಹಿಡಿದು, ಮುಂಬಾಗಿಲಿಗೂ ಹಿತ್ತಿಲಿಗೂ ಓಡಾಡುತ್ತಲೇ ತಿಂದು ಡ್ಯೂಟಿಗೆ ಹೊರಟಳು.