ಸ್ಪಂಜಿನ ಬಾಟಲಿಯಲ್ಲಿ ತುಪ್ಪ

ಆರು ಮಿಲಿಗ್ರಾಂ ಎಂದರೆ ಎರಡು ಮೂರು ಸಾಸಿವೆ ಕಾಳಿನ ತೂಕ. ಅಷ್ಟನ್ನು ಹೆಬ್ಬೆರಳುದ್ದದ ಗಾಜಿನ ಬಾಟಲಿಯ ತಳದಲ್ಲಿ ಒಣಗಿಸಿಟ್ಟರೆ ಏನೂ ಕಾಣುವುದಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ, ಯಾರೋ ಒಮ್ಮೆ ಉಸಿರು ಬಿಟ್ಟುಹೋದಂಥ ಮಬ್ಬು. ನನ್ನ ಎರಡು ವರ್ಷದ ದುಡಿಮೆಯೆಂದರೆ ಆ ಮಬ್ಬು.

ನಾನು ಕಡಲ ಸ್ಪಂಜುಗಳಿಂದ ರಾಸಾಯನಿಕಗಳನ್ನು ಬೇರ್ಪಡಿಸುತ್ತೇನೆ, ಅದೂ ಸಮುದ್ರ ಕಾಣಬೇಕಾದರೆ ಘಟ್ಟ ಇಳಿಯಬೇಕಾದ ಬೆಳಗಾವಿಯಲ್ಲಿ ಕುಳಿತು. ಮದುವೆಮನೆಗಳಲ್ಲಿ ಇಷ್ಟು ಹೇಳಿದರೆ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ನನಗೂ ಅದೇ ಬೇಕು.

ಸ್ಪಂಜು ಒಂದು ಪ್ರಾಣಿ. ಹಲ್ಲಿಲ್ಲ, ಕಾಲಿಲ್ಲ, ಕಣ್ಣಿಲ್ಲ. ಬಂಡೆಗೆ ಅಂಟಿಕೊಂಡು ಕೂತಲ್ಲೇ, ತಿನ್ನಬಂದವರ ಬಾಯಿ ಕೆಡಿಸುವಂಥ ವಸ್ತುವನ್ನು ಮೈಯಲ್ಲಿಟ್ಟುಕೊಂಡು ಮಾನ ಕಾಪಾಡಿಕೊಳ್ಳುತ್ತದೆ. ಅಂಥ ಕೆಲವು ವಸ್ತುಗಳೇ ಕ್ಯಾನ್ಸರ್ ಮದ್ದಿಗೆ ದಾರಿ ತೋರಿಸಿವೆ. ಎಷ್ಟೋ ಸಲ ಅದನ್ನು ತಯಾರಿಸುವುದು ಸ್ಪಂಜೂ ಅಲ್ಲ, ಅದರೊಳಗೆ ವಾಸವಾಗಿರುವ ಸೂಕ್ಷ್ಮಜೀವಿಗಳು. ಅಡುಗೆ ಮಾಡಿದವರು ಒಳಗೇ ಇರುತ್ತಾರೆ, ಹೆಸರು ಮನೆತನದ್ದು.

ಹೋದ ಶನಿವಾರ ಲ್ಯಾಬಿನ ಫ್ರಿಜ್ ಕೆಟ್ಟಿತು. ಹಿಂದವಾಡಿಯ ನನ್ನ ಬಾಡಿಗೆ ಕೋಣೆಯಲ್ಲಿ ಫ್ರಿಜ್ ಇಲ್ಲ. ಬಾಟಲಿಯನ್ನು ಮಂಜುಗಡ್ಡೆ ತುಂಬಿದ ಊಟದ ಡಬ್ಬಿಯಲ್ಲಿಟ್ಟು ಖಾನಾಪುರದ ಬಸ್ ಹತ್ತಿದೆ. ಅಲ್ಲಿ ನನ್ನ ಸೋದರತ್ತೆಯ ಮನೆಯ ಫ್ರಿಜ್ಜಿನಲ್ಲಿ, ಕೊತ್ತಂಬರಿ ಮತ್ತು ಹೀರೇಕಾಯಿಯ ನಡುವೆ ಇಟ್ಟೆ. ಇದರೊಳಗಿನದನ್ನು ಯಾರೂ ತೆಗೆಯಬಾರದು ಎಂದು ಹೇಳಿದೆ. ಅತ್ತೆ ಮಾತು ಕೊಟ್ಟರು, ಮಾತಿನಂತೆ ನಡೆದರು. ಏನನ್ನೂ ತೆಗೆಯಲಿಲ್ಲ.

ಆದರೆ ನಮ್ಮ ಮನೆತನದಲ್ಲಿ ಖಾಲಿ ಪಾತ್ರೆಯನ್ನು ಹೊಸ್ತಿಲು ದಾಟಿಸುವುದಿಲ್ಲ. ಹೆಪ್ಪು ತಂದ ಬಟ್ಟಲಿನಲ್ಲಿ ಒಂದು ಚಿಟಿಕೆ ಸಕ್ಕರೆಯಾದರೂ ಹಿಂದಿರುಗಬೇಕು. ಭಾನುವಾರ ನಾನು ಹೊರಟಾಗ ಅತ್ತೆ ಬಾಟಲಿಯನ್ನು ಕೈಗಿಟ್ಟರು. ಬೆಚ್ಚಗಿತ್ತು. ಕತ್ತಿನವರೆಗೆ ಎಮ್ಮೆ ತುಪ್ಪ.

ನಾನು ಕೂಗಾಡುವವಳಲ್ಲ. ಅಡುಗೆಮನೆಯಲ್ಲಿ ನೆಲದ ಮೇಲೆ ಕುಳಿತೆ. ತೊಳೆದು ತುಂಬಿದ್ದರೆ ಆರು ಮಿಲಿಗ್ರಾಮೂ ಖಾನಾಪುರದ ಮೋರಿಯಲ್ಲಿತ್ತು; ಕಡಲು ಶಾಂತವಾಗಿ ಅದೇ ಸ್ಪಂಜು ಮತ್ತೆ ಸಿಗಲು ಇನ್ನೊಂದು ವರ್ಷ. ತೊಳೆಯದೆ ತುಂಬಿದ್ದರೆ ಅದು ತುಪ್ಪದೊಳಗೆ ಕ್ಷೇಮವಾಗಿತ್ತು, ಬೇರ್ಪಡಿಸಬಹುದಿತ್ತು. ಇದೊಂದನ್ನೂ ವಿವರಿಸದೆ ಕೇಳಿಬಿಟ್ಟೆ: “ಅತ್ತಿ, ಬಾಟ್ಲಿ ತೊಳದಿದ್ಯೇನು?”

ಅದೇ ಹೊತ್ತಿಗೆ ಎಲ್ಲರೂ ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವ ಎದುರುಮನೆಯಾಕೆ ಕರಿಬೇವು ಕೇಳಲು ಬಂದು ಬಾಗಿಲಲ್ಲಿ ನಿಂತಿದ್ದರು. ವೈನಿ ಸಾಬೂನನ್ನೂ ತೊಳೆದು ಬಳಸುವವರು. ಅತ್ತೆ ಅವರತ್ತ ಒಮ್ಮೆ ನೋಡಿ, “ತೊಳೀಲಾರದ ತುಂಬತಾರೇನವಾ? ಮೂರು ಸಲ ಬಿಸಿನೀರಾಗ ತೊಳದೀನಿ,” ಎಂದರು.

ತೊಳೆಯದಿದ್ದರೆ ಎಂಥ ಉಪಕಾರವಾಗುತ್ತಿತ್ತೆಂದು ಅರ್ಧ ಗಂಟೆ ತಿಳಿಸಿ ಹೇಳಿದೆ. ಅತ್ತೆ ಅದನ್ನು ವ್ಯಂಗ್ಯವೆಂದುಕೊಂಡರು. ಅವರು ತೊಳೆದ ಕತೆಗೆ ಮೊದಲು ಹುಣಸೆಹಣ್ಣು ಸೇರಿತು, ಆಮೇಲೆ ಬೂದಿ. ನಾನು ಕೇಳಿದಷ್ಟೂ ಬಾಟಲಿ ಇನ್ನಷ್ಟು ಸ್ವಚ್ಛವಾಗುತ್ತಾ ಹೋಯಿತು. ವೈನಿ ಮೆಚ್ಚಿ ತಲೆಯಾಡಿಸುತ್ತಿದ್ದರು. ಕರಿಬೇವು ಕೈಯಲ್ಲಿದ್ದರೂ ಹೊರಡಲೊಲ್ಲರು.

ಬಸ್‌ಸ್ಟ್ಯಾಂಡಿನವರೆಗೆ ಅತ್ತೆ ಜೊತೆಗೇ ಬಂದರು. ನಾನು ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟಾಗ ಸೆರಗು ಹಿಡಿದರು, ನನ್ನದಲ್ಲ, ತಮ್ಮದು, ಬಾಯಿಗೆ ಅಡ್ಡವಾಗಿ.

“ಖರೇ ಹೇಳ್ಲ್ಯಾ? ತೊಳದಿಲ್ಲವಾ. ಲಕಲಕ ಅಂತಿತ್ತು, ಯಾಕ ತೊಳೀಲಿ ಅಂತ ಬಿಟ್ಟೆ. ವೈನಿಗೆ ಮಾತ್ರ ಹೇಳಬ್ಯಾಡ.”

ಕೆಳಗಿಳಿದು ಅವರ ಕಾಲಿಗೆ ಬಿದ್ದೆ. ಕಂಡಕ್ಟರ್ ನನ್ನನ್ನು ಮದುವೆಯಾಗಿ ಹೊರಟವಳೆಂದುಕೊಂಡನೋ ಏನೋ, ಸೀಟಿ ಊದದೆ ಕಾದ. ಹಲ್ಲೂ ಉಗುರೂ ಇಲ್ಲದ ಜೀವ ಇಕ್ಕಟ್ಟಿಗೆ ಸಿಕ್ಕಾಗ ಏನನ್ನು ಹೊರಸೂಸುತ್ತದೆ ಎಂದು ಎರಡು ವರ್ಷ ಸಮುದ್ರದಲ್ಲಿ ಹುಡುಕಿದವಳಿಗೆ ಉತ್ತರ ಅತ್ತೆಯ ಅಡುಗೆಮನೆಯಲ್ಲೇ ಸಿಕ್ಕಿತ್ತು: ಹುಣಸೆಹಣ್ಣು ಮತ್ತು ಬೂದಿ.

ಮರುದಿನ ಬೆಳಿಗ್ಗೆ ಆ ತುಪ್ಪವನ್ನು ಹೆಕ್ಸೇನ್ ಮತ್ತು ಮೆಥನಾಲ್ ದ್ರಾವಕಗಳಲ್ಲಿ ಕುಲುಕಿದೆ. ತುಪ್ಪ ಮೇಲಿನ ಪದರಕ್ಕೆ ಹೋಯಿತು. ಕೆಳಗಿನ ತಿಳಿಯ ಒಂದು ಹನಿಯನ್ನು ಪರೀಕ್ಷೆಯ ತಟ್ಟೆಯ ಮೇಲೆ ಏರಿಸಿ ನೇರಳಾತೀತ ದೀಪದಡಿ ಹಿಡಿದೆ. ನನ್ನ ಸ್ಪಂಜಿನ ವಸ್ತುವಿನ ಚುಕ್ಕೆ ತನ್ನ ಜಾಗದಲ್ಲೇ ಕೂತಿತ್ತು. ಲ್ಯಾಬ್ ನೋಟ್‌ಬುಕ್ಕಿನಲ್ಲಿ ‘ಬಾಟಲಿ ತೊಳೆದಿರಲಿಲ್ಲ’ ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿದೆ. ಆಮೇಲೆ ಖಾನಾಪುರಕ್ಕೆ ಫೋನ್ ಮಾಡಿದೆ. ಹಿಂದೆ ವೈನಿಯ ದನಿ ಕೇಳಿಸಿತು. ಅವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

“ಅತ್ತಿ, ನಿನ್ನಂಗ ಬಾಟ್ಲಿ ತೊಳ್ಯಾವರು ನಮ್ಮ ಲ್ಯಾಬಿನ್ಯಾಗೂ ಇಲ್ಲ.”