ಸೇತುವೆ ಅಳಿಸಿದ ಪೊರಕೆ ಅಕ್ಕ

ಬೆಳಗಿನ ಐದೂವರೆ. ಮೂರನೇ ಮಹಡಿಯಲ್ಲಿ ಸಾಲಾಗಿ ಕೂತ ಅರವತ್ತು ಕಂಪ್ಯೂಟರುಗಳಲ್ಲಿ ಒಂದಕ್ಕೆ ಮಾತ್ರ ಜೀವ ಬಂದಿದೆ. ಅದರ ಮುಂದಿರುವ ಐವತ್ತೊಂದರ ಹೆಂಗಸು ಕನ್ನಡಕ ಮೇಲೇರಿಸಿ ಪರದೆ ನೋಡುತ್ತಾರೆ. “ಅಯ್ಯಯ್ಯೋ!” ಎಂದು ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಾರೆ. ಅವರು ಆಡುತ್ತಿರುವ ಆಟದಲ್ಲಿ ಅಕ್ಷರಗಳೇ ಮಾಯ! ಇರುವುದು ಬರೀ ಖಾಲಿ ಚೌಕಗಳು.

ಈ ವಿಡಿಯೊ ಗೇಮ್ ಕಂಪನಿಯಲ್ಲಿ ಅವರನ್ನು ಎಲ್ಲರೂ ಕರೆಯುವುದು ‘ಪೊರಕೆ ಅಕ್ಕ’ ಎಂದೇ. ಆಸ್ಪತ್ರೆಯೊಂದರ ಹಳೆಯ ದಾಖಲೆಗಳ ಕೋಣೆಯಲ್ಲಿ ಹನ್ನೊಂದು ವರ್ಷ ದುಡಿದು, ಅದಕ್ಕೆ ಬೀಗ ಬಿದ್ದ ಮೇಲೆ ಇಲ್ಲಿಗೆ ಬಂದವರು. ಆಟದ ಒಂದೊಂದು ಹಂತ ಕಟ್ಟುವಾಗ ವಿನ್ಯಾಸಕಾರರು ಮರ, ಬಂಡೆ, ಬಾಗಿಲು, ಸದ್ದು ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಸುರಿಯುತ್ತಾರೆ. ಬೇಡವೆಂದು ಮರ ಕಿತ್ತರೂ ಅದರ ಫೈಲು ಮಾತ್ರ ಒಳಗೇ ಬಿದ್ದಿರುತ್ತದೆ. ಅದನ್ನು ಹುಡುಕಿ ತೆಗೆಯುವುದು ಅಕ್ಕನ ಕೆಲಸ. ದಿನಕ್ಕೆ ಎಂಟುನೂರು ಫೈಲು ನೋಡುತ್ತಾರೆ. ಒಂದು ಕೋಣೆಯ ದೃಶ್ಯದಲ್ಲಿ ನಾನೂರ ಹನ್ನೆರಡು ಕುರ್ಚಿ ಸಿಕ್ಕಿದ್ದವಂತೆ, ಆಟಗಾರನಿಗೆ ಕಾಣುವುದು ಒಂದೇ ಒಂದು! ಕೇಳಿದವರ ತಲೆಯೂ ಗಿರ್ರೆನ್ನುತ್ತದೆ.

“ಎಲ್ರೂ ಬಂದ್ಮೇಲೆ ಒಬ್ರಲ್ಲ ಒಬ್ರು ಫೈಲ್ ತೆರೆದಿರ್ತಾರೆ, ನಾನು ಕೈ ಹಾಕೋ ಹಾಗಿಲ್ಲ. ಅದಕ್ಕೇ ಇಷ್ಟು ಬೇಗ ಬರೋದು” ಎನ್ನುತ್ತಾರೆ.

ಪರೀಕ್ಷಿಸುವವರು ಆಟ ಆಡುವಾಗ ಒಮ್ಮೆಯೂ ಬಳಕೆಯಾಗದ ಫೈಲುಗಳ ಪಟ್ಟಿಯನ್ನು ಕಂಪ್ಯೂಟರೇ ಕೊಡುತ್ತದೆ. ಮೂರು ವರ್ಷದ ಹಿಂದೆ ಅದನ್ನು ನಂಬಿ ಅಕ್ಕ ಒಂದು ಸೇತುವೆಯನ್ನು ಅಳಿಸಿದರು. ಆಟದಲ್ಲಿ ಮಳೆ ಬಂದಾಗ ಮಾತ್ರ ಎದ್ದು ನಿಲ್ಲುವ ಸೇತುವೆ ಅದು. ಪಟ್ಟಿಗೆ ಆ ವಿಷಯ ಗೊತ್ತೇ ಇರಲಿಲ್ಲ. ಬಿಡುಗಡೆಯ ದಿನವೇ ಸಾವಿರಾರು ಆಟಗಾರರು ದಬದಬನೆ ಕಮರಿಗೆ ಬಿದ್ದರು!

“ನಾನೇ ಅಳಿಸಿದ್ದು ಸಾರ್ ಅಂತ ಹೋಗಿ ನಿಂತ್ಕೊಂಡೆ.”

ಇನ್ನೊಮ್ಮೆ ಹೀಗಾದರೆ ಕೆಲಸ ಹೋದಂತೆಯೇ ಎಂದರು ಮುಖ್ಯಸ್ಥರು. ಅಂದಿನಿಂದ ಅಕ್ಕ ಏನನ್ನೂ ನೇರವಾಗಿ ಅಳಿಸುವುದಿಲ್ಲ. ಪಟ್ಟಿಯ ಫೈಲುಗಳನ್ನು ಪಕ್ಕಕ್ಕಿಟ್ಟು, ಮಳೆಯಲ್ಲೊಮ್ಮೆ ಬಿಸಿಲಲ್ಲೊಮ್ಮೆ, ಇರುವ ಆಯ್ಕೆಗಳನ್ನೆಲ್ಲ ಒತ್ತಿ, ಇಡೀ ಆಟವನ್ನು ತಾವೇ ಆಡುತ್ತಾರೆ. “ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರಲ್ಲ, ಹಾಗೆ.”

ಇಂದು ಒಂಬತ್ತು ಗಂಟೆಯೊಳಗೆ ಹೊಸ ಆಟದ ಗಾತ್ರ ಮುನ್ನೂರು ಎಂಬಿಯಷ್ಟು ಇಳಿಯಲೇಬೇಕು. ಇಲ್ಲವಾದರೆ ಕಡಿಮೆ ಜಾಗದ ಫೋನುಗಳಲ್ಲಿ ಹಿಡಿಸುವುದಿಲ್ಲ, ಬಿಡುಗಡೆ ನಿಲ್ಲುತ್ತದೆ. ಪಟ್ಟಿಯ ೧,೧೪೬ ಫೈಲುಗಳನ್ನು ಪಕ್ಕಕ್ಕಿಟ್ಟು ಆಡಿದಾಗಲೇ ಆ ಖಾಲಿ ಚೌಕಗಳು ಕಂಡದ್ದು. ಪಕ್ಕಕ್ಕಿಟ್ಟವುಗಳಲ್ಲಿ ಮೂವತ್ತೆಂಟು ಫೈಲುಗಳು ಕಣ್ಣು ಮಂಜಾದವರಿಗೆಂದು ಮಾಡಿದ ದೊಡ್ಡ ಅಕ್ಷರಗಳು. ಪರೀಕ್ಷಿಸಿದವರಲ್ಲಿ ಒಬ್ಬರೂ ಆ ಆಯ್ಕೆಯನ್ನು ಒತ್ತಿ ನೋಡಿರಲಿಲ್ಲ! ಹೀಗೂ ಉಂಟೇ?

ಏಳಕ್ಕೆ ಮುಖ್ಯಸ್ಥರ ಫೋನು. ಅಕ್ಕ ವಿಷಯ ಹೇಳುತ್ತಾರೆ. “ಎಲ್ಲಾ ಅಳಿಸಿಬಿಡಿ ಅಕ್ಕ. ದೊಡ್ಡಕ್ಷರ ಎಷ್ಟು ಜನಕ್ಕೆ ಬೇಕು?”

“ಒಬ್ರಿಗೆ ಬೇಕಿದ್ರೂ ಬೇಕಲ್ವಾ ಸಾರ್? ಒಂಬತ್ತರ ತನಕ ಟೈಮ್ ಕೊಡಿ.”

ಆ ಮೂವತ್ತೆಂಟನ್ನು ಉಳಿಸಿಕೊಂಡರೆ ಇನ್ನೂ ತೊಂಬತ್ತು ಎಂಬಿ ಇಳಿಸಬೇಕು. ಎಲ್ಲಿಂದ ತರುವುದು? ಪಟ್ಟಿ ‘ಬಳಕೆಯಲ್ಲಿದೆ’ ಎಂದು ಬಿಟ್ಟ ಫೈಲುಗಳನ್ನೇ ಅಕ್ಕ ಒಂದೊಂದಾಗಿ ತೆರೆಯುತ್ತಾರೆ. ಎಂಟೂಕಾಲಿಗೆ ಬೆಟ್ಟದ ಗಾಳಿಯ ಸದ್ದು ಸಿಗುತ್ತದೆ. ಆಟದಲ್ಲಿ ಕೇಳುವುದು ಹನ್ನೊಂದು ಸೆಕೆಂಡು, ಫೈಲು ಮಾತ್ರ ಹತ್ತೊಂಬತ್ತು ನಿಮಿಷ, ನೂರ ಅರವತ್ತು ಎಂಬಿ! ಸದ್ದು ಹಿಡಿದ ತಂತ್ರಜ್ಞ ಯಂತ್ರ ನಿಲ್ಲಿಸುವುದನ್ನು ಮರೆತು, ಭಾವನ ಜತೆ ಫೋನಿನಲ್ಲಿ ಜಗಳವಾಡಿ, ಆಮೇಲೆ ಗೊರಕೆಯನ್ನೂ ಹೊಡೆದಿದ್ದಾನೆ. “ಅಬ್ಬಬ್ಬಾ! ಇವನ ಗೊರಕೆನ ಊರಿಗೆಲ್ಲಾ ಹಂಚೋಕೆ ಹೊರಟಿದ್ವಲ್ಲ!” ಅಕ್ಕ ಬೇಕಾದ ಹನ್ನೊಂದು ಸೆಕೆಂಡು ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸುತ್ತಾರೆ. ಆಟದಲ್ಲಿ ಮತ್ತೊಮ್ಮೆ ಬೆಟ್ಟ ಹತ್ತಿಳಿದು ನೋಡುತ್ತಾರೆ. ಎಂಟೂ ಐವತ್ತಕ್ಕೆ ಆಟ ಹೊರಡುತ್ತದೆ, ದೊಡ್ಡ ಅಕ್ಷರಗಳ ಸಮೇತ.

ಆಟ ಮುಗಿದಾಗ ಪರದೆಯ ಮೇಲೆ ದುಡಿದವರ ಹೆಸರುಗಳು ಓಡುತ್ತವೆ. ಇನ್ನೂರ ಹದಿನಾಲ್ಕು ಹೆಸರು. ಅಕ್ಕನದು ಇಲ್ಲ. ನಂಬಲಿಕ್ಕೇ ಆಗುವುದಿಲ್ಲ. ಸೇರಿಸಿ ಅಂತ ಕೇಳಬಾರದೇ ಎಂದರೆ ಅವರು ನಾಚಿ ನಗುತ್ತಾರೆ.

“ಹಾಕಿದ್ರೆ ಬೇಡ ಅನ್ನಲ್ಲಪ್ಪ. ಆದ್ರೆ ದೊಡ್ಡಕ್ಷರದಲ್ಲೂ ಬರೋ ಹಾಗೆ ಹಾಕ್ಲಿ. ನಮ್ಮತ್ತೆಗೆ ಸಣ್ಣದು ಕಾಣಲ್ಲ.”