ಕ್ರೇನಿನ ಮೇಲೆ ನೀರು ಕುಡಿಯದವರು

ಅವರನ್ನು ನಾನು ಮೊದಲು ನೋಡಿದ್ದು ಕ್ರೇನಿನ ಬುಡದಲ್ಲಿ, ಎಂಜಿನಿಯರನಾಗಿ ಕೆಲಸಕ್ಕೆ ಸೇರಿದ ಮೊದಲ ಬೆಳಿಗ್ಗೆ. ಏಣಿಯ ಕೆಳಮೆಟ್ಟಿಲಲ್ಲಿ ಕುಳಿತು, ಬೂಟಿನ ಅಡಿಗೆ ಹತ್ತಿದ ಕೆಸರನ್ನು ಗರಗಸದ ಮುರುಕಿನಿಂದ ಕೆರೆಯುತ್ತಿದ್ದರು. ಒಂದು ಬೂಟು ಕೆರೆದು, ಬಟ್ಟೆಯಿಂದ ಒರೆಸಿ, ಬೆರಳಿನಿಂದ ಮುಟ್ಟಿ ನೋಡಿ, ಆಮೇಲೆ ಇನ್ನೊಂದು. ಚೀಲದಲ್ಲಿ ಊಟದ ಡಬ್ಬಿ ಇತ್ತು, ನೀರಿನ ಬಾಟಲಿ ಇರಲಿಲ್ಲ. ಮರೆತಿರಬೇಕೆಂದು ನನ್ನ ಬಾಟಲಿ ಚಾಚಿದೆ.

“ಬೇಡ ಸಾರ್. ಕುಡಿದ್ರೆ ಇಳೀಬೇಕಾಗುತ್ತೆ. ನಾನು ಇಳಿದ್ರೆ ಕೆಳಗಿರೋರೆಲ್ಲ ಕೈಕಟ್ಟಿ ಕೂರ್ತಾರೆ” ಎಂದು ಹತ್ತಿಹೋದರು. ಸಂಜೆಯವರೆಗೆ ಇಳಿಯಲಿಲ್ಲ.

ಕಟ್ಟಡದ ಸೈಟಿನಲ್ಲಿ ಕ್ರೇನ್ ನಡೆಸುತ್ತಿದ್ದ ಅವರನ್ನು ಎಲ್ಲರೂ ‘ಮೇಲಿನವರು’ ಎನ್ನುತ್ತಿದ್ದರು. ಕಂಬಿ ಯಾವಾಗ ಬರುತ್ತದೆ ಎಂದು ಕೇಳಿದರೆ, “ಮೇಲಿನವರು ಮನಸ್ಸು ಮಾಡಿದಾಗ” ಎನ್ನುತ್ತಿದ್ದರು. ಟನ್ನುಗಟ್ಟಲೆ ಕಂಬಿಯ ಕಟ್ಟನ್ನು ಅವರು ಮಲಗಿದ ಮಗುವನ್ನು ತೊಟ್ಟಿಲಿಗೆ ಹಾಕುವಂತೆ ಇಳಿಸುತ್ತಿದ್ದರು. ದಿನವಿಡೀ ಕೆಳಗೆ ಇಳಿಯದೆ ಕೆಲಸ ಮಾಡುವುದು ಅವರ ಹೆಮ್ಮೆಯಾಗಿತ್ತು.

ಕೆಲವು ತಿಂಗಳ ನಂತರ ನಾನು ಅವರ ಮನೆಯ ಹಿಂದಿನ ಕೋಣೆಗೆ ಬಾಡಿಗೆಗೆ ಹೋದೆ. ಬಚ್ಚಲು ಎರಡೂ ಮನೆಗೆ ಒಂದೇ. ಬೆಳಿಗ್ಗೆ ಅವರು ಒಳಗೆ ಹೋದರೆ ನಲ್ಲಿಯ ಸದ್ದು ಕೇಳುತ್ತಿತ್ತು, ಮನುಷ್ಯ ಹೊರಗೆ ಬರುತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಅವರ ಹೆಂಡತಿ, “ಒಳಗೆ ತಪಸ್ಸಿಗೆ ಕೂತಿದಾರೆ, ನೀನು ಹಲ್ಲುಜ್ಜಿಕೊಂಡು ಬಾರಪ್ಪ” ಎನ್ನುತ್ತಿದ್ದರು.

ಮೂತ್ರ ತಡವಾಗಿ, ಸಣ್ಣಗೆ, ನಿಂತುನಿಂತು ಬರುತ್ತಿದೆ ಎಂಬುದನ್ನು ಅವರು ಹೇಳಿಕೊಂಡದ್ದು ಹೆಂಡತಿಯ ತಮ್ಮನ ಹತ್ತಿರ ಮಾತ್ರ. ಅವನದು ಗಿಡಮೂಲಿಕೆಯ ಅಂಗಡಿ.

“ಇದು ಪ್ರಾಸ್ಟೇಟ್ ಗ್ರಂಥಿ ಭಾವ. ವಯಸ್ಸಾದ್ರೆ ಗಂಡಸರಿಗೆ ಊದುತ್ತೆ. ಆಸ್ಪತ್ರೆಗೆ ಹೋದ್ರೆ ಸೀದಾ ಕತ್ತರಿ” ಎಂದು ಹುರಿದ ಕುಂಬಳಬೀಜವನ್ನೂ ಕಷಾಯದ ಪುಡಿಯನ್ನೂ ಕೊಟ್ಟ. ಸಂಜೆಯ ಟೀ ಬಿಡಲು ಹೇಳಿದ.

ಅವರಿಗೆ ಕತ್ತರಿಗಿಂತ ದೊಡ್ಡ ಭಯ ಬೇರೆಯಿತ್ತು. ಕಾಯಿಲೆ ಕಾಗದಕ್ಕೆ ಬಂದರೆ ತನ್ನನ್ನು ಕ್ರೇನಿನಿಂದ ಇಳಿಸಿಬಿಡುತ್ತಾರೆ ಎಂಬುದು. ಆದ್ದರಿಂದ ಬೀಜ ಅಗಿದರು, ಕಷಾಯ ಕುಡಿದರು, ಟೀ ಬಿಟ್ಟರು. ರಾತ್ರಿ ಮೂತ್ರಕ್ಕೆ ಏಳುವುದು ಕಡಿಮೆಯಾಯಿತು. ಅದರ ಪುಣ್ಯವೆಲ್ಲ ಕಷಾಯಕ್ಕೆ ಹೋಯಿತು, ಬಿಟ್ಟ ಟೀಯನ್ನು ಯಾರೂ ನೆನೆಯಲಿಲ್ಲ. ಹಗಲು ನೀರು ಮುಟ್ಟದ ಅಭ್ಯಾಸ ಮಾತ್ರ ಹಾಗೇ ಇತ್ತು.

ಆಮೇಲೆ ಒಂದು ನೆಗಡಿ ಬಂತು. ಕ್ಯಾಬಿನ್ನಿನಲ್ಲಿ ಸೀನಿದರೆ ಕೈ ಅಲುಗುತ್ತದೆಂದು, ಬೆಳಿಗ್ಗೆ ಅಂಗಡಿಯಲ್ಲಿ ನೆಗಡಿ ಮಾತ್ರೆ ಕೊಂಡು ನುಂಗಿ ಹತ್ತಿದರು. ಮಧ್ಯಾಹ್ನ ನನ್ನ ವಾಕಿಟಾಕಿಯಲ್ಲಿ ಅವರ ದನಿ ಬಂತು.

“ಸಾರ್, ಕೊಕ್ಕೆ ಖಾಲಿ ಮಾಡಿದೀನಿ. ನಾನೂ ಇಳೀತಿದೀನಿ.”

ಇಳಿಯುವಾಗ ಪ್ರತಿ ಮೆಟ್ಟಿಲಿಗೂ ನಿಲ್ಲುತ್ತಿದ್ದರು. ಮುಖ ಬೂದಿಬಣ್ಣಕ್ಕೆ ತಿರುಗಿತ್ತು, ಕಿಬ್ಬೊಟ್ಟೆ ಕಲ್ಲಾಗಿತ್ತು. ಬೆಳಿಗ್ಗೆಯಿಂದ ಒಂದು ಹನಿ ಮೂತ್ರವೂ ಹೋಗಿರಲಿಲ್ಲ.

ಆಸ್ಪತ್ರೆಯಲ್ಲಿ ಮೂತ್ರ ಹೋಗಲು ನಳಿಕೆ ಹಾಕಿದ ಮೇಲೆ ಅವರ ನೋವು ಇಳಿಯಿತು. ತಿಂದದ್ದು ಕುಡಿದದ್ದೆಲ್ಲ ತರಿಸಿ ಎಂದರು ಡಾಕ್ಟರಮ್ಮ. ಹೆಂಡತಿ ತಂದು ಮೇಜಿನ ಮೇಲೆ ಸುರಿದರು.

“ಬೀಜ ತಿನ್ನಿ, ತೊಂದರೆ ಇಲ್ಲ. ಆದ್ರೆ ಊದಿದ ಗ್ರಂಥಿ ಬೀಜಕ್ಕೆ ಹೆದರಿ ಕುಗ್ಗಲ್ಲ. ಈ ಪುಡೀಲಿ ಏನಿದೆಯೋ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ಬಿಟ್ಟುಬಿಡಿ.” ಆಮೇಲೆ ಡಾಕ್ಟರಮ್ಮ ನೆಗಡಿ ಮಾತ್ರೆಯ ಹಾಳೆ ಎತ್ತಿ ತೋರಿಸಿದರು. “ಇವತ್ತು ದಾರಿ ಕಟ್ಟಿದ್ದು ಇದು. ಇಂಥ ತೊಂದರೆ ಇರೋರು ಕೇಳದೆ ಇದನ್ನ ನುಂಗಬಾರದು. ನೀರು ಕುಡಿಯದೆ ಇರೋದೂ ಬೇಡ, ಬಂದದ್ದನ್ನ ತಡೆದು ಕೂರೋದೂ ಬೇಡ.”

ಪರೀಕ್ಷೆಗಳಲ್ಲಿ ಕೆಟ್ಟ ರೋಗದ ಗುರುತು ಕಾಣಲಿಲ್ಲ. ದಿನವೂ ತೆಗೆದುಕೊಳ್ಳಲು ಒಂದು ಮಾತ್ರೆ ಬರೆದರು. ಅದರಿಂದ ಎದ್ದಾಗ ತಲೆ ಸುತ್ತಬಹುದು ಎಂದೂ ಹೇಳಿದರು.

“ಕ್ರೇನ್ ಹತ್ತಬಹುದಾ?” ಅವರು ಕೇಳಿದ್ದು ಅದೊಂದೇ.

“ತಲೆ ಸುತ್ತುತ್ತಿದ್ರೆ ಬೇಡ. ಆಪರೇಷನ್ ದಾರಿನೂ ಇದೆ, ಆದ್ರೆ ಮಾತ್ರೆಗೆ ಬಗ್ಗಿದ್ರೆ ಅದರ ಅವಸರ ಇಲ್ಲ.”

ನಳಿಕೆ ತೆಗೆದ ಮೇಲೆ ಮಾತ್ರೆ ಕೆಲಸ ಮಾಡಿತು. ಒಂದು ಬೆಳಿಗ್ಗೆ ಅವರು ಬೂಟು ಕೆರೆದು ಏಣಿಗೆ ಕೈ ಹಾಕಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಕೆಲವು ಮೆಟ್ಟಿಲು ಹತ್ತಿ ನಿಂತು, ಕಂಬಕ್ಕೆ ಹಣೆಯಿಟ್ಟು, ಹಾಗೇ ಕೆಳಗಿಳಿದರು. “ಭೂಮಿ ತಿರುಗುತ್ತೆ ಅಂತ ಓದಿದ್ದೆ, ಇವತ್ತು ನೋಡಿದೆ” ಎಂದವರೇ ಮೇಲ್ವಿಚಾರಕರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದರು.

ಆ ರಾತ್ರಿ ಮನೆಯಲ್ಲಿ ಊಟಕ್ಕೆ ಕುಳಿತರು. ಹೆಂಡತಿ ಬಡಿಸುತ್ತಾ, “ಇಷ್ಟು ವರ್ಷ ತಲೆ ಎತ್ತಿ ನೋಡಿ ನನ್ನ ಕತ್ತು ಬಿದ್ದುಹೋಗಿದೆ. ಸಾಕು ಇಳೀರಿ” ಎಂದರು. ಅವರು ನಗಲಿಲ್ಲ, ಆದರೆ ಇನ್ನೊಂದು ತುತ್ತು ಹಾಕಿಸಿಕೊಂಡರು.

ಭಾವಮೈದುನ ಈಗಲೂ ಬೀಜ ತರುತ್ತಾನೆ. ರುಚಿಯಾಗಿದೆ ಎಂದು ತಿನ್ನುತ್ತಾರೆ. ಸಂಜೆ ನಡೆಯುತ್ತಾರೆ, ಮಾತ್ರೆ ತಪ್ಪಿಸುವುದಿಲ್ಲ. ಈಗ ಅದೇ ಕ್ರೇನಿನ ಬುಡದಲ್ಲಿ ನಿಂತು ಸಿಗ್ನಲ್ ಕೊಡುವುದು ಅವರ ಕೆಲಸ. ಹೊಸ ಆಪರೇಟರನ ಚೀಲದಲ್ಲಿ ನೀರಿನ ಬಾಟಲಿ ಕಾಣದಿದ್ದರೆ ಏಣಿ ಮುಟ್ಟಲು ಬಿಡುವುದಿಲ್ಲ. ಊಟಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಕೊಕ್ಕೆ ನಿಲ್ಲಿಸಿ ಅವನನ್ನು ಕೆಳಗೆ ಕರೆಯುತ್ತಾರೆ.